ರಷ್ಯಾದ ದೊರೆಯ ಹೆಸರು ಹೊತ್ತ ಕಾನ್ಸಾಸ್‌ನ ಹಳ್ಳಿ ಚರ್ಚು

ಗೂಗಲ್ ಮ್ಯಾಪ್ ತೆರೆದು ಅಮೆರಿಕದ ಕಾನ್ಸಾಸ್ ರಾಜ್ಯದ ನಡುಭಾಗಕ್ಕೆ ಹೋಗಿ. ವಿಚಿಟಾ ನಗರದಿಂದ ಉತ್ತರಕ್ಕೆ ಸುಮಾರು ಒಂದು ಗಂಟೆಯ ದಾರಿ. ಮೇಲಿಂದ ನೋಡಿದರೆ ಚದುರಂಗದ ಮಣೆ ಹಾಸಿದ ಹಾಗಿದೆ. ಮೈಲಿಗೊಂದು ರಸ್ತೆ, ರಸ್ತೆಗಳ ನಡುವೆ ಚೌಕ ಚೌಕ ಗೋಧಿ ಹೊಲ. ಗೆಸೆಲ್ ಅನ್ನುವ ಪುಟ್ಟ ಊರು ದಾಟಿ ರಾಜ್ಯ ಹೆದ್ದಾರಿ 15ರಲ್ಲಿ ಸ್ವಲ್ಪ ಉತ್ತರಕ್ಕೆ ಬಂದರೆ ಬಿಳಿ ಬಣ್ಣದ ದೊಡ್ಡ ಕಟ್ಟಡವೊಂದು ಕಾಣುತ್ತದೆ. ಅಕ್ಕಪಕ್ಕ ಊರಿಲ್ಲ, ಪೇಟೆಯಿಲ್ಲ. ಹೊಲದ ನಡುವೆ ಅದೊಂದೇ ನಿಂತಿದೆ. ಅದರ ಹೆಸರು ಅಲೆಕ್ಸಾಂಡರ್‌ವೋಲ್ ಮೆನ್ನೊನೈಟ್ ಚರ್ಚು.

ಈ ಹೆಸರೇ ಒಂದು ಒಗಟು. ಪದ ಜರ್ಮನ್. ಅದರೊಳಗಿರುವ ಅಲೆಕ್ಸಾಂಡರ್ ರಷ್ಯಾದ ಚಕ್ರವರ್ತಿ. ಚರ್ಚು ಕಟ್ಟಿದವರ ಹಿರೀಕರಲ್ಲಿ ಹಲವರು ಡಚ್ಚರು. ಚರ್ಚು ಇರುವುದು ಅಮೆರಿಕದಲ್ಲಿ. ಎಲ್ಲಕ್ಕಿಂತ ತಮಾಷೆ ಅಂದರೆ, ಇವರು ಕತ್ತಿ ಹಿಡಿಯುವುದಿಲ್ಲ, ಯಾವ ರಾಜನ ಸೈನ್ಯಕ್ಕೂ ಸೇರುವುದಿಲ್ಲ ಎಂದು ಹಟ ಹಿಡಿದ ಜನ. ಅಂಥವರು ತಮ್ಮ ಚರ್ಚಿಗೆ ನೆಪೋಲಿಯನ್‌ನನ್ನು ಸೋಲಿಸಿದ ದೊರೆಯ ಹೆಸರು ಇಟ್ಟುಕೊಂಡಿದ್ದಾರೆ! ಈ ಗಂಟು ಬಿಚ್ಚಬೇಕಾದರೆ ಸುಮಾರು ಐನೂರು ವರ್ಷ ಹಿಂದಕ್ಕೆ ಹೋಗಬೇಕು.

ಮೊದಲು, ಮೆನ್ನೊನೈಟರು ಅಂದರೆ ಯಾರು? 1525ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕೆಲವರು ಒಂದು ಮನೆಯಲ್ಲಿ ಸೇರಿ ಒಬ್ಬರಿಗೊಬ್ಬರು ದೀಕ್ಷಾಸ್ನಾನ ಮಾಡಿಸಿಕೊಂಡರು. ಅವರೆಲ್ಲ ಕೂಸುಗಳಾಗಿದ್ದಾಗಲೇ ಚರ್ಚಿನಲ್ಲಿ ದೀಕ್ಷಾಸ್ನಾನ ಆಗಿದ್ದವರು. ಆದರೆ ಅವರ ವಾದ ಸರಳವಾಗಿತ್ತು: ಏನೂ ತಿಳಿಯದ ಹಸುಗೂಸಿಗೆ ನೀರು ಹಾಕಿದರೆ ಅದು ದೀಕ್ಷೆ ಹೇಗಾಗುತ್ತದೆ? ಬೆಳೆದು ಬುದ್ಧಿ ಬಂದ ಮೇಲೆ ತಾನೇ ಒಪ್ಪಿ ಮಾಡಿಸಿಕೊಂಡರೆ ಮಾತ್ರ ಅದಕ್ಕೆ ಅರ್ಥ. ಇಂದು ನಮಗಿದು ಸಣ್ಣ ತಕರಾರು ಅನ್ನಿಸಬಹುದು. ಆ ಕಾಲದಲ್ಲಿ ಹಾಗಿರಲಿಲ್ಲ. ಕೂಸಿನ ಹೆಸರು ಚರ್ಚಿನ ಪುಸ್ತಕಕ್ಕೆ ಹತ್ತಿದರೆ ಅದು ರಾಜ್ಯದ ಲೆಕ್ಕಕ್ಕೂ ಹತ್ತಿದ ಹಾಗೆ. ದೀಕ್ಷೆ ಬೇಡ ಅಂದರೆ ರಾಜ್ಯವೇ ಬೇಡ ಅಂದ ಹಾಗೆ. 1527ರಲ್ಲಿ ಅವರ ಮುಖಂಡ ಫೆಲಿಕ್ಸ್ ಮಾಂಟ್ಸ್‌ನನ್ನು ಜ್ಯೂರಿಕ್‌ನ ಲಿಮ್ಮಟ್ ನದಿಯಲ್ಲೇ ಮುಳುಗಿಸಿ ಕೊಂದರು. ನೀರು ಬೇಕಿತ್ತಲ್ಲ, ತಗೋ ನೀರು ಅನ್ನುವ ಕ್ರೂರ ಕುಚೋದ್ಯ.

ಈ ಚಳವಳಿ ನೆದರ್ಲೆಂಡ್ಸ್ ಕಡೆಗೂ ಹಬ್ಬಿತು. ಅಲ್ಲಿನ ಮೆನ್ನೊ ಸೈಮನ್ಸ್ ಎಂಬ ಕ್ಯಾಥೊಲಿಕ್ ಪಾದ್ರಿ 1536ರಲ್ಲಿ ತನ್ನ ಹುದ್ದೆ ಬಿಟ್ಟು ಇವರ ಜೊತೆ ಸೇರಿದ. ಚದುರಿ ಅಡಗಿಕೊಂಡಿದ್ದ ಜನರನ್ನು ಒಟ್ಟುಗೂಡಿಸಿದ. ಅವನ ಹೆಸರಿನಿಂದಲೇ ಮೆನ್ನೊನೈಟರು ಅನ್ನುವ ಹೆಸರು ಬಂತು. ಕುದುರೆಗಾಡಿಯಲ್ಲಿ ಓಡಾಡುವ ಆಮಿಶರು ಬೇರೆ. ಅವರು 1693ರಲ್ಲಿ ಸ್ವಿಟ್ಜರ್ಲೆಂಡ್ ಕಡೆಯ ಗುಂಪಿನಿಂದ ಒಡೆದು ಹೋದವರು. ಅಲೆಕ್ಸಾಂಡರ್‌ವೋಲ್‌ನವರು ಕಾರು ಓಡಿಸುತ್ತಾರೆ, ಟ್ರ್ಯಾಕ್ಟರ್ ಇಟ್ಟುಕೊಂಡಿದ್ದಾರೆ. ಮಂಗಳೂರು, ಧಾರವಾಡದ ಬಾಸೆಲ್ ಮಿಷನ್ ನೆನಪಾದವರಿಗೂ ಒಂದು ಮಾತು: ಅದೂ ಸ್ವಿಸ್ ನೆಲದ್ದೇ, ಆದರೆ ಇವರಿಗೂ ಅದಕ್ಕೂ ನಂಟಿಲ್ಲ.

ನೆದರ್ಲೆಂಡ್ಸ್‌ನಲ್ಲಿ ಹಿಂಸೆ ಜಾಸ್ತಿಯಾದಾಗ ಎಷ್ಟೋ ಜನ ಪೂರ್ವಕ್ಕೆ ಹೋದರು. ಇಂದಿನ ಪೋಲೆಂಡಿನ ವಿಸ್ತುಲಾ ನದಿಯ ಜೌಗು ನೆಲ ಅವರನ್ನು ಕರೆಯಿತು. ಅಲ್ಲಿನ ಜಮೀನ್ದಾರರಿಗೆ ನೀರು ನಿಂತ ನೆಲವನ್ನು ಹೊಲ ಮಾಡುವವರು ಬೇಕಿತ್ತು. ಒಡ್ಡು ಕಟ್ಟಿ, ಕಾಲುವೆ ತೋಡಿ ನೀರು ಹೊರಹಾಕುವುದು ಡಚ್ಚರಿಗೆ ಹುಟ್ಟುವಿದ್ಯೆ. ಹೀಗೆ ಬಂದವರ ಒಂದು ಸಣ್ಣ ಸಭೆ ಶ್ವಿಯೆಚೆ ಪಟ್ಟಣದ ಹತ್ತಿರ ಪ್ಶೆಖುಫ್ಕೊ ಎಂಬ ಹಳ್ಳಿಯಲ್ಲಿ ನೆಲೆಸಿತು. ನಮ್ಮ ಕಾನ್ಸಾಸ್ ಚರ್ಚಿನ ಬೇರು ಇರುವುದು ಇಲ್ಲೇ.

ಇಲ್ಲೊಂದು ಪದದ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಗೋಜಲಾಗುತ್ತದೆ. ನಾವು ಚರ್ಚು ಅಂದರೆ ಕಟ್ಟಡ ನೆನೆಸಿಕೊಳ್ಳುತ್ತೇವೆ. ಇವರಿಗೆ ಚರ್ಚು ಅಂದರೆ ಜನ, ಅಂದರೆ ಸಭೆ. ಜರ್ಮನ್‌ನಲ್ಲಿ ಅದನ್ನು ಗೆಮೈಂಡೆ ಅನ್ನುತ್ತಾರೆ. ಕಟ್ಟಡ ಬರೀ ಪ್ರಾರ್ಥನೆಯ ಮನೆ. ಅಲ್ಲಿ ಮೂರ್ತಿ ಇಲ್ಲ, ಗರ್ಭಗುಡಿಯಂಥ ಪವಿತ್ರ ಜಾಗ ಇಲ್ಲ. ಪಾದ್ರಿಯೂ ಹೊರಗಿನಿಂದ ಬಂದವನಲ್ಲ. ಸಭೆಯ ರೈತರಲ್ಲೇ ಒಬ್ಬನನ್ನು ಮತ ಹಾಕಿ ಆರಿಸುತ್ತಿದ್ದರು. ಅವನಿಗೆ ಸಂಬಳ ಇಲ್ಲ. ಶನಿವಾರದ ತನಕ ಹೊಲ ಉತ್ತು ಭಾನುವಾರ ಬೋಧನೆ ಮಾಡಬೇಕು. ಅವರ ಮೇಲೆ ಒಬ್ಬ ಹಿರಿಯ, ಅಂದರೆ ಎಲ್ಡರ್. ದೀಕ್ಷಾಸ್ನಾನ ಮಾಡಿಸುವ, ಪ್ರಭುಭೋಜನ ಕೊಡುವ ಅಧಿಕಾರ ಅವನಿಗೆ ಮಾತ್ರ. ಹಾಗಾಗಿ ಜನ, ಹಿರಿಯ, ಹೆಸರು ಬರೆಯುವ ಪುಸ್ತಕ, ಈ ಮೂರೂ ಜೊತೆಗೆ ಹೊರಟರೆ ಚರ್ಚೇ ಹೊರಟಿತು ಅಂತ ಅರ್ಥ. ಕಟ್ಟಡವನ್ನು ಬಿಟ್ಟು ಹೋಗಬಹುದು.

ಬಿಟ್ಟು ಹೋದರು ಕೂಡ. 1772ರಲ್ಲಿ ಪೋಲೆಂಡ್ ಹರಿದು ಹಂಚಿಹೋದಾಗ ವಿಸ್ತುಲಾದ ನೆಲ ಪ್ರಷ್ಯಾ ಎಂಬ ಜರ್ಮನ್ ರಾಜ್ಯದ ಪಾಲಾಯಿತು. ಪ್ರಷ್ಯಾದಲ್ಲಿ ಜಮೀನಿಗೂ ಸೈನ್ಯಕ್ಕೂ ಗಂಟು ಹಾಕಿದ್ದರು. ಇಂತಿಷ್ಟು ಭೂಮಿ ಇದ್ದ ಮನೆ ಇಂತಿಷ್ಟು ಸೈನಿಕರನ್ನು ಕೊಡಬೇಕು. ಮೆನ್ನೊನೈಟರು ಸೈನಿಕರನ್ನು ಕೊಡುವುದಿಲ್ಲ. ಸರಿ, ಹಾಗಾದರೆ ನೀವು ಹೊಸದಾಗಿ ಭೂಮಿ ಕೊಳ್ಳುವ ಹಾಗಿಲ್ಲ ಎಂದು ಸರ್ಕಾರ 1789ರಲ್ಲಿ ಬಿಗಿ ಮಾಡಿತು. ಒಂದು ಮನೆಯಲ್ಲಿ ಆರು ಮಕ್ಕಳು. ಹಿರಿಯ ಮಗನಿಗೆ ಅಪ್ಪನ ಹೊಲ. ಉಳಿದವರು ಏನು ಮಾಡಬೇಕು? ಧರ್ಮದ ಪ್ರಶ್ನೆ ಹೀಗೆ ಹೊಟ್ಟೆಯ ಪ್ರಶ್ನೆಯಾಯಿತು.

ಅದೇ ಹೊತ್ತಿಗೆ ರಷ್ಯಾದ ಬಾಗಿಲು ತೆರೆದಿತ್ತು. ತುರ್ಕರಿಂದ ಗೆದ್ದ ಕಪ್ಪು ಸಮುದ್ರದ ಬಯಲಿಗೆ ರೈತರು ಬೇಕಾಗಿದ್ದರು. ಕ್ಯಾಥರೀನ್ ರಾಣಿ ಹೊರದೇಶದವರನ್ನು ಕರೆದಳು. ಭೂಮಿ ಕೊಡುತ್ತೇವೆ, ಸೈನ್ಯಕ್ಕೆ ಕರೆಯುವುದಿಲ್ಲ, ನಿಮ್ಮ ಶಾಲೆ ನಿಮ್ಮದೇ ಅಂದಳು. 1789ರಲ್ಲಿ ಮೊದಲ ಮೆನ್ನೊನೈಟರು ಇಂದಿನ ಉಕ್ರೇನಿನ ಖೊರ್ಟಿಟ್ಸಾಕ್ಕೆ ಬಂದರು. 1804ರಿಂದ ಮೊಲೊಚ್ನಾ ನದಿಯ ದಂಡೆಯಲ್ಲಿ ಇನ್ನೂ ದೊಡ್ಡ ನೆಲೆ ಎದ್ದಿತು.

ಪ್ಶೆಖುಫ್ಕೊ ಸಭೆ ಹೊರಟಿದ್ದು 1820ರಲ್ಲಿ, ಹಿರಿಯ ಪೀಟರ್ ವೆಡೆಲ್‌ನ ಜೊತೆ. ದಾರಿಯಲ್ಲಿ ಇವರ ಬಂಡಿಗಳ ಸಾಲಿಗೆ ಚಕ್ರವರ್ತಿ ಒಂದನೇ ಅಲೆಕ್ಸಾಂಡರ್ ಎದುರಾದನಂತೆ. ಎಲ್ಲಿಗೆ ಹೊರಟಿದ್ದೀರಿ ಅಂತ ಕೇಳಿ, ನಿಮಗೆ ಒಳ್ಳೆಯದಾಗಲಿ ಎಂದು ಹರಸಿ ಹೋದನಂತೆ. ಆ ನೆನಪಿಗೆ ಹೊಸ ಹಳ್ಳಿಗೆ ಅಲೆಕ್ಸಾಂಡರ್‌ವೋಲ್ ಎಂದು ಹೆಸರಿಟ್ಟರು. ವೋಲ್ ಅಂದರೆ ಒಳಿತು, ಕ್ಷೇಮ. ನಮ್ಮ ಕಡೆ ರಾಜನ ಹೆಸರಿಗೆ ಪುರ, ಪೇಟೆ ಸೇರಿಸಿದ ಹಾಗೇ. ಆದರೆ ಇಲ್ಲಿ ಸೇರಿರುವುದು ಊರು ಅನ್ನುವ ಪದವಲ್ಲ, ಹರಕೆಯ ಮಾತು.

ಮೊಲೊಚ್ನಾ ಬಯಲು ನಮ್ಮ ಬಯಲುಸೀಮೆಯಂತೆ ಮರ ಕಡಿಮೆ ಇದ್ದ ನೆಲ. ಒಲೆಗೆ ಸೌದೆ ಇರಲಿಲ್ಲ. ಕೊಟ್ಟಿಗೆಯ ಸಗಣಿಯನ್ನು ಹುಲ್ಲಿನ ಜೊತೆ ತುಳಿದು, ಇಟ್ಟಿಗೆಯಂತೆ ಕೊಯ್ದು, ಒಣಗಿಸಿ ಉರಿಸುತ್ತಿದ್ದರು. ಅದಕ್ಕೆ ಅವರು ಇಟ್ಟ ಹೆಸರು ಮಿಸ್ಟ್‌ಹೋಲ್ಟ್ಸ್, ಅಂದರೆ ಸಗಣಿ ಸೌದೆ. ನಾವು ಬೆರಣಿ ಅನ್ನುತ್ತೇವೆ, ಅಷ್ಟೇ ವ್ಯತ್ಯಾಸ. ಮನೆಯಲ್ಲಿ ಮಾತು ಪ್ಲೌಟ್‌ಡೀಚ್ ಎಂಬ ತಗ್ಗು ಜರ್ಮನ್. ಪ್ರಾರ್ಥನೆಗೆ ಮಾತ್ರ ಶಿಷ್ಟ ಜರ್ಮನ್. ಮನೆಯಲ್ಲಿ ತುಳು ಆಡಿ ಶಾಲೆಯಲ್ಲಿ ಕನ್ನಡ ಓದುವವರಿಗೆ ಇದನ್ನು ವಿವರಿಸಬೇಕಿಲ್ಲ. ವಿಚಿತ್ರ ಏನೆಂದರೆ ಐವತ್ತು ವರ್ಷ ಅಲ್ಲಿದ್ದರೂ ಹೆಚ್ಚಿನವರಿಗೆ ರಷ್ಯನ್ ಸರಿಯಾಗಿ ಬರುತ್ತಿರಲಿಲ್ಲ.

1870ರ ಸುಮಾರಿಗೆ ರಷ್ಯಾವೂ ಮಾತು ಬದಲಿಸಿತು. ಹಳೆಯ ವಿನಾಯಿತಿಗಳು ಹೋಗುತ್ತವೆ, ಎಲ್ಲರೂ ಸೈನ್ಯಕ್ಕೆ ಬರಬೇಕು ಅಂತ ಸುದ್ದಿ ಬಂತು. 1873ರಲ್ಲಿ ಹನ್ನೆರಡು ಜನರ ನಿಯೋಗ ಅಮೆರಿಕ, ಕೆನಡಾ ನೋಡಿ ಬರಲು ಹೋಯಿತು. ಅಲೆಕ್ಸಾಂಡರ್‌ವೋಲ್‌ನ ಹಿರಿಯ ಯಾಕೊಬ್ ಬುಲ್ಲರ್ ಅದರಲ್ಲಿದ್ದ. ವಾಷಿಂಗ್ಟನ್ ಯಾವ ಮಾತನ್ನೂ ಕೊಡಲಿಲ್ಲ. ಆದರೆ ಕಾನ್ಸಾಸ್ ರಾಜ್ಯ 1874ರಲ್ಲಿ ಇಂಥವರಿಗೆ ರಾಜ್ಯದ ಸೇನೆಯಿಂದ ವಿನಾಯಿತಿ ಕೊಡುವ ಕಾನೂನು ಮಾಡಿತು.

ಕಾನ್ಸಾಸ್‌ಗೆ ಯಾಕಿಷ್ಟು ಆಸೆ? ಇದರ ಹಿಂದೆ ಸ್ಯಾಂಟ ಫೆ ರೈಲು ಕಂಪನಿ ಇತ್ತು. ಹಳಿ ಹಾಕಿದ್ದಕ್ಕೆ ಸರ್ಕಾರ ಕಂಪನಿಗೆ ದುಡ್ಡಿನ ಬದಲು ಭೂಮಿ ಕೊಟ್ಟಿತ್ತು. ಹಳಿಯ ಎರಡೂ ಪಕ್ಕ, ಒಂದು ಬಿಟ್ಟು ಒಂದು ಚೌಕ. ಒಂದೊಂದು ಚೌಕ ಒಂದು ಚದರ ಮೈಲಿ, 640 ಎಕರೆ. ಈಗಲೂ ಮ್ಯಾಪಿನಲ್ಲಿ ಕಾಣುವುದು ಅದೇ ಚೌಕಗಳು. ಜನವಿಲ್ಲದ ಬಯಲಲ್ಲಿ ರೈಲು ಓಡಿಸಿದರೆ ಏನು ಲಾಭ? ಕಂಪನಿಗೆ ಬೇಕಾಗಿದ್ದು ಭೂಮಿ ಕೊಳ್ಳುವ, ಬೆಳೆ ಸಾಗಿಸುವ ಒಕ್ಕಲು ಜನ. ಸಿ.ಬಿ. ಶ್ಮಿಟ್ ಎಂಬ ಜರ್ಮನ್ ಬಲ್ಲ ಏಜೆಂಟ್ ಇವರನ್ನು ಒಲಿಸುವ ಕೆಲಸಕ್ಕೆ ನಿಂತ.

1874ರಲ್ಲಿ ಊರಿಗೆ ಊರೇ ಎದ್ದಿತು. ಬೆರಳೆಣಿಕೆಯ ಮನೆಗಳು ಮಾತ್ರ ಹಿಂದುಳಿದವು. ಉತ್ತರ ಕರ್ನಾಟಕದವರು ಗುಳೆ ಅನ್ನುತ್ತಾರಲ್ಲ, ಆ ಪದ ನೆನಪಾಗುತ್ತದೆ. ಆದರೆ ಇದು ಹಸಿವಿನ ಗುಳೆ ಅಲ್ಲ. ಮಳೆ ಬಂದ ಮೇಲೆ ವಾಪಸ್ ಬರುವ ಗುಳೆಯೂ ಅಲ್ಲ. ಮನೆ, ಹೊಲ, ತೋಟ ಸಿಕ್ಕಿದ ಬೆಲೆಗೆ ಮಾರಿ ಹೊರಟರು. ದಾರಿಯ ಬುತ್ತಿಗೆ ಜ್ವೀಬಾಕ್: ದೊಡ್ಡ ಬನ್ನಿನ ಮೇಲೆ ಚಿಕ್ಕ ಬನ್ನು ಕೂರಿಸಿ ಬೇಯಿಸಿ, ಮತ್ತೆ ಒಣಗಲು ಸುಟ್ಟ ರಸ್ಕು. ತಿಂಗಳಾದರೂ ಕೆಡುವುದಿಲ್ಲ. ಸುಮಾರು 800 ಜನ. ಒಂದೇ ಹಡಗಿನಲ್ಲಿ ಹಿಡಿಸಲಿಲ್ಲ. ಬುಲ್ಲರ್‌ನ ಗುಂಪು ಹ್ಯಾಂಬರ್ಗ್‌ನಿಂದ ಸಿಂಬ್ರಿಯಾ ಹಡಗು ಹತ್ತಿತು. ಡೀಟ್ರಿಕ್ ಗೆಡ್ಡರ್ಟ್ ಎಂಬ ಬೋಧಕನ ಗುಂಪು ಟ್ಯುಟೋನಿಯಾ ಹತ್ತಿತು. ಎರಡೂ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ನ್ಯೂಯಾರ್ಕ್ ಮುಟ್ಟಿದವು. ಗೆಡ್ಡರ್ಟ್‌ನ ಗುಂಪು ಕಾನ್ಸಾಸ್‌ನಲ್ಲಿ ಬೇರೆಯಾಗಿ ಹೊಫ್‌ನುಂಗ್ಸೌ ಎಂಬ ಸಭೆ ಕಟ್ಟಿಕೊಂಡಿತು. ಎಷ್ಟೇ ಒಗ್ಗಟ್ಟಿನ ಊರಾದರೂ ಎರಡು ಹಡಗು ಅಂದರೆ ಎರಡು ಪಂಗಡ, ಅಲ್ವಾ?

ಬಂದ ಕಾಲ ಮಾತ್ರ ಕೆಟ್ಟದು. ಅದೇ ಬೇಸಿಗೆಯಲ್ಲಿ ಮಿಡತೆಗಳ ದಂಡು ಇಳಿದು ಕಾನ್ಸಾಸ್‌ನ ಹಸಿರನ್ನೆಲ್ಲ ತಿಂದು ಮುಗಿಸಿತ್ತು. ಹಳೇ ರೈತರು ಬೇಸತ್ತು ಗಾಡಿ ಕಟ್ಟುತ್ತಿದ್ದ ಹೊತ್ತಿಗೆ ಇವರು ಗಾಡಿ ಇಳಿದರು. ರೈಲು ಕಂಪನಿ ಇವರಿಗಾಗಿ ಮರದ ಉದ್ದನೆಯ ವಲಸಿಗರ ಮನೆಗಳನ್ನು ಕಟ್ಟಿಸಿಕೊಟ್ಟಿತ್ತು. ಮೊದಲ ಚಳಿಗಾಲ ಕುಟುಂಬಗಳು ಅಲ್ಲೇ ಒತ್ತೊತ್ತಾಗಿ ಕಳೆದವು. ಆಮೇಲೆ ಹೊಖ್‌ಫೆಲ್ಡ್, ಗ್ನಾಡೆನ್‌ಟಾಲ್, ಎಮ್ಮೆಂಟಾಲ್ ಎಂದು ಹಳೇ ಪದ್ಧತಿಯಲ್ಲೇ ಸಾಲುಮನೆಗಳ ಹಳ್ಳಿ ಮಾಡಿಕೊಂಡರು. ಆ ಹಳ್ಳಿಗಳು ಹೆಚ್ಚು ದಿನ ಬಾಳಲಿಲ್ಲ. ಅಮೆರಿಕದ ಚೌಕ ಹೊಲಕ್ಕೆ ಸಾಲುಮನೆ ಹೊಂದಲಿಲ್ಲ. ತನ್ನ ಹೊಲದಲ್ಲೇ ಮನೆ ಇದ್ದರೆ ಅನುಕೂಲ ಅಂತ ಒಬ್ಬೊಬ್ಬರೇ ಚದುರಿದರು. ನನಗೆ ಈ ಕಥೆಯಲ್ಲಿ ತುಂಬ ಕುತೂಹಲದ ತಿರುವು ಇದೇ. ಊರು ಕರಗಿಹೋಯಿತು, ಊರಿನ ಹೆಸರು ಮಾತ್ರ ಚರ್ಚಿಗೆ ಅಂಟಿಕೊಂಡು ಉಳಿಯಿತು. ಹಾಗಾಗಿಯೇ ಆ ಕಟ್ಟಡದ ಸುತ್ತ ಇಂದು ಊರಿಲ್ಲ.

ಹನ್ನೆರಡು ವರ್ಷ ವಲಸಿಗರ ಮನೆಯೇ ಪ್ರಾರ್ಥನೆಯ ಜಾಗವೂ ಆಗಿತ್ತು. ಈಗಿನ ಚರ್ಚು ಎದ್ದಿದ್ದು 1886ರಲ್ಲಿ. ವಿಸ್ತುಲಾ ಕಡೆಯ ಮೆನ್ನೊನೈಟ್ ಕಟ್ಟಡಗಳ ರೀತಿ ನಮಗೆ ಗೊತ್ತಿರುವ ಚರ್ಚುಗಳದ್ದಲ್ಲ. ಬೋಧಕನ ಪೀಠ ದೂರದ ಕೊನೆಯಲ್ಲಿ ಇರುವುದಿಲ್ಲ, ಉದ್ದನೆಯ ಗೋಡೆಯ ನಡುವೆ ಇರುತ್ತದೆ. ಜನ ಮೂರು ಕಡೆ ಅದನ್ನು ಸುತ್ತುವರಿದು ಕೂರುತ್ತಾರೆ, ಮೇಲೆ ಅಟ್ಟದಂಥ ಗ್ಯಾಲರಿ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಬೋಧನೆ ಕೇಳಬೇಕು, ಒಬ್ಬರ ಮುಖ ಒಬ್ಬರು ನೋಡಬೇಕು, ಅಷ್ಟೇ ಉದ್ದೇಶ. 1928ರಲ್ಲಿ ಕಟ್ಟಡವನ್ನು ದೊಡ್ಡದಾಗಿ ಬದಲಾಯಿಸಿದರು. ಇಂದು ಹೊರಗಿನಿಂದ ಕಾಣುವ ರೂಪ ಹೆಚ್ಚುಕಡಿಮೆ ಆಗಿನದ್ದು. ಮುಂದೆ ಅದು ಅಮೆರಿಕದ ಐತಿಹಾಸಿಕ ತಾಣಗಳ ರಾಷ್ಟ್ರೀಯ ಪಟ್ಟಿಗೂ ಸೇರಿತು. ಅಷ್ಟರಲ್ಲಿ ಸಭೆ ಬೆಳೆದು ಕವಲೊಡೆದಿತ್ತು. 1908ರಲ್ಲಿ ಟೇಬೊರ್ ಸಭೆ, 1920ರಲ್ಲಿ ಗೆಸೆಲ್ ಸಭೆ ಬೇರೆಯಾದವು.

ಇನ್ನು ಇವರ ಗೋಧಿ. ಟರ್ಕಿ ರೆಡ್ ಅಂತ ಅದರ ಹೆಸರು. ನಮ್ಮ ಹಿಂಗಾರಿ ಗೋಧಿಯಂತೆ ಇದನ್ನೂ ಚಳಿಗಾಲಕ್ಕೆ ಮುಂಚೆ ಬಿತ್ತುತ್ತಾರೆ. ಆದರೆ ಪೈರು ಚಳಿಗಾಲವಿಡೀ ಬೆಳೆಯದೆ ಮಲಗಿರುತ್ತದೆ. ವಸಂತದಲ್ಲಿ ಎದ್ದು ಜೂನ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಹಾಗಾಗಿ ಬೇಸಿಗೆಯ ಬಿಸಿಗಾಳಿ ಏಳುವ ಮೊದಲೇ ಬೆಳೆ ಕೈಗೆ ಬಂದಿರುತ್ತದೆ. ಈ ಗೋಧಿಯ ಬಗ್ಗೆ ಒಂದು ಚೆಂದದ ಕಥೆ ಇದೆ: ಹೊರಡುವ ಮೊದಲು ಮಕ್ಕಳು ಕೂತು ಒಂದೊಂದೇ ಕೆಂಪು ಕಾಳು ಆರಿಸಿ ಪೆಟ್ಟಿಗೆ ತುಂಬಿದರು, ಆ ಪೆಟ್ಟಿಗೆಯಿಂದಲೇ ಕಾನ್ಸಾಸ್ ಅಮೆರಿಕದ ಗೋಧಿ ಕಣಜವಾಯಿತು ಅಂತ. ಇತಿಹಾಸ ಬರೆಯುವವರು ಇದನ್ನು ಪೂರ್ತಿ ಒಪ್ಪುವುದಿಲ್ಲ. ಕಾಳು ತಂದಿರಬಹುದು. ಆದರೆ ಹತ್ತಿರದ ನ್ಯೂಟನ್ ಪಟ್ಟಣದ ಕಡೆಯ ಗಿರಣಿ ಮಾಲೀಕ ಬರ್ನ್‌ಹಾರ್ಡ್ ವಾರ್ಕೆಂಟಿನ್‌ನಂಥವರು ಆಮೇಲೆ ಕ್ರಿಮಿಯಾದಿಂದ ದೊಡ್ಡ ಮೊತ್ತದಲ್ಲಿ ಬೀಜ ತರಿಸಿದ್ದು, ಇಷ್ಟು ಗಟ್ಟಿ ಕಾಳನ್ನು ಬೀಸಬಲ್ಲ ಹೊಸ ರೋಲರ್ ಗಿರಣಿಗಳು ಬಂದಿದ್ದು, ಇವು ಜೊತೆಗೂಡದೆ ಕಣಜ ತುಂಬುತ್ತಿರಲಿಲ್ಲ. ಪೆಟ್ಟಿಗೆಯ ಕಥೆ ಹೇಳಲು ಸುಲಭ, ಅದಕ್ಕೇ ಉಳಿದಿದೆ.

ಯುದ್ಧದ ಪ್ರಶ್ನೆ ಇಲ್ಲೂ ಬೆನ್ನು ಬಿಡಲಿಲ್ಲ. 1917ರಲ್ಲಿ ಅಮೆರಿಕ ಜರ್ಮನಿಯ ಮೇಲೆ ಯುದ್ಧಕ್ಕೆ ಇಳಿದಾಗ ಕಾನ್ಸಾಸ್‌ನ ಮೆನ್ನೊನೈಟರು ಎರಡು ಸಲ ತಪ್ಪಿತಸ್ಥರಾದರು. ಸೈನ್ಯಕ್ಕೆ ಬರುವುದಿಲ್ಲ ಅನ್ನುವುದು ಒಂದು, ಜರ್ಮನ್ ಮಾತಾಡುತ್ತಾರೆ ಅನ್ನುವುದು ಇನ್ನೊಂದು. ಯುದ್ಧ ಮುಗಿದ ದಿನವೇ, 1918ರ ನವೆಂಬರ್ 11ರಂದು, ಬರ್ಟನ್ ಎಂಬ ಊರಲ್ಲಿ ಯುದ್ಧದ ಬಾಂಡ್ ಕೊಳ್ಳದ ಒಬ್ಬ ಮೆನ್ನೊನೈಟ್ ರೈತನಿಗೆ ಜನ ಹಳದಿ ಬಣ್ಣ ಬಳಿದು ನೇಣು ಹಾಕಲು ಹೊರಟಿದ್ದರು. ಹೇಗೋ ಬದುಕಿದ. ಆಮೇಲಿನ ವರ್ಷಗಳಲ್ಲಿ ಚರ್ಚುಗಳಲ್ಲಿ ಜರ್ಮನ್ ನಿಧಾನಕ್ಕೆ ಹಿಂದೆ ಸರಿದು ಇಂಗ್ಲಿಷ್ ಬಂತು. ಪ್ರಷ್ಯಾ, ರಷ್ಯಾ ಎರಡರಲ್ಲೂ ಬಿಡದೆ ಹೊತ್ತು ತಂದ ಭಾಷೆ ಇಲ್ಲಿ ಎರಡು ತಲೆಮಾರಿನಲ್ಲಿ ಹೋಯಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಕಾನೂನು ಸುಧಾರಿಸಿತ್ತು. ಬಂದೂಕು ಬೇಡ ಅಂದ ಹುಡುಗರು ಕಾಡ್ಗಿಚ್ಚು ಆರಿಸುವ, ಮಾನಸಿಕ ಆಸ್ಪತ್ರೆಗಳಲ್ಲಿ ದುಡಿಯುವ ಕೆಲಸಕ್ಕೆ ಹೋಗಬಹುದಿತ್ತು.

ನಮ್ಮ ಕಡೆಗೂ ಇವರ ದಾರಿ ಬಂದಿದೆ. 1900ರ ಭೀಕರ ಬರಗಾಲದಲ್ಲಿ ನ್ಯೂಟನ್‌ನ ಡೇವಿಡ್ ಗರ್ಟ್ಸ್ ಎಂಬ ಮೆನ್ನೊನೈಟ್ ಮುಖಂಡ ಧಾನ್ಯ ಹಂಚುವ ಕೆಲಸಕ್ಕೆ ಭಾರತಕ್ಕೆ ಬಂದ. ಅದೇ ವರ್ಷ ಬಂದ ಪಿ.ಎ. ಪೆನ್ನರ್ ದಂಪತಿ ಇಂದಿನ ಛತ್ತೀಸಗಢದ ಚಾಂಪಾದಲ್ಲಿ ಕುಷ್ಠರೋಗಿಗಳಿಗೆ ಆಸರೆ ಕಟ್ಟಿದರು. ಇನ್ನೊಂದು ಪಂಗಡ, ಮೆನ್ನೊನೈಟ್ ಬ್ರೆದರನ್, ಹೈದರಾಬಾದ್ ಸಂಸ್ಥಾನದಲ್ಲಿ ಕೆಲಸ ಮಾಡಿತು. ರಾಯಚೂರಿನ ಪಕ್ಕದ ಗದ್ವಾಲ್, ಮಹಬೂಬ್‌ನಗರದಲ್ಲಿ ಇಂದಿಗೂ ಅವರ ತೆಲುಗು ಸಭೆಗಳಿವೆ.

ವಿಚಿಟಾ, ಕಾನ್ಸಾಸ್ ಸಿಟಿ ಕಡೆ ಇರುವ ಕನ್ನಡಿಗರು ಒಂದು ಶನಿವಾರ ಬಿಡುವು ಮಾಡಿಕೊಂಡು ಆ ಕಡೆ ಹೋಗಿ ಬನ್ನಿ. ಮೊದಲು ಗೆಸೆಲ್ ಊರಿನ ಮ್ಯೂಸಿಯಂ. ಅಲ್ಲಿ ವಲಸಿಗರ ಮನೆಯ ಪಡಿಯಚ್ಚು ಕಟ್ಟಿದ್ದಾರೆ. ಗೋಧಿ ಹುಲ್ಲಿನಲ್ಲಿ ಹೆಣೆದ ಲಿಬರ್ಟಿ ಬೆಲ್, ಅಂದರೆ ಅಮೆರಿಕದ ಸ್ವಾತಂತ್ರ್ಯದ ಗುರುತಾದ ಗಂಟೆಯ ಪ್ರತಿರೂಪ ಇದೆ, 1976ರಲ್ಲಿ ಅಮೆರಿಕದ ಇನ್ನೂರನೇ ಹುಟ್ಟುಹಬ್ಬಕ್ಕೆ ಮಾಡಿದ್ದು. ಅಂದಹಾಗೆ ಗೆಸೆಲ್ ಕೂಡ ಒಬ್ಬನ ಹೆಸರೇ. 1895ರಲ್ಲಿ ಉತ್ತರ ಸಮುದ್ರದಲ್ಲಿ ಮುಳುಗಿದ ಎಲ್ಬೆ ಹಡಗಿನ ಜೊತೆಗೇ ಮುಳುಗಿದ ಕ್ಯಾಪ್ಟನ್ ಫಾನ್ ಗೆಸೆಲ್‌ನ ನೆನಪಿಗೆ ಇಟ್ಟದ್ದು. ಹಡಗಿನಲ್ಲಿ ಬಂದವರಿಗೆ ಕ್ಯಾಪ್ಟನ್ ಅಂದರೆ ಏನೆಂದು ಗೊತ್ತಿತ್ತು.

ಆಮೇಲೆ ಚರ್ಚಿನ ಸ್ಮಶಾನ. ಶ್ಮಿಟ್, ಉನ್ರು, ವೋತ್, ವೆಡೆಲ್, ಬುಲ್ಲರ್, ರಾಟ್ಸ್‌ಲಾಫ್, ಪಂಕ್ರಾಟ್ಸ್. ಇವು ವಿಸ್ತುಲಾ ದಂಡೆಯ ಹಳೇ ಸಭೆಯಲ್ಲಿದ್ದ ಮನೆತನಗಳೇ. ಲೆಕ್ಕ ಹಾಕಿ ನೋಡಿ: 1815ರಲ್ಲಿ ಪ್ಶೆಖುಫ್ಕೊದಲ್ಲಿ ಹುಟ್ಟಿದವಳು ಐದು ವರ್ಷದವಳಾಗಿದ್ದಾಗ ಬಂಡಿಯಲ್ಲಿ ರಷ್ಯಾಕ್ಕೆ, ಐವತ್ತೊಂಬತ್ತಕ್ಕೆ ಹಡಗಿನಲ್ಲಿ ಕಾನ್ಸಾಸ್‌ಗೆ. ಮೂರು ದೇಶ, ಮೂರು ಸರ್ಕಾರ. ಭಾನುವಾರ ಪಕ್ಕದಲ್ಲಿ ಕೂರುವವರು ಮಾತ್ರ ಅವರೇ.

ಮ್ಯೂಸಿಯಂ, ತೋಟದ ಮನೆಗಳ ಅಂಗಳ, ಹತ್ತಿರದ ಬೆಥೆಲ್ ಕಾಲೇಜಿನ ಆವರಣ, ಈ ಕಡೆಗಳಲ್ಲೆಲ್ಲ ಒಂದು ಕಲ್ಲಿನ ಉರುಳೆ ಕಣ್ಣಿಗೆ ಬೀಳುತ್ತದೆ. ಎರಡೂವರೆ ಅಡಿ ಉದ್ದದ ಸುಣ್ಣಕಲ್ಲು. ಸುತ್ತಲೂ ಉದ್ದಕ್ಕೆ ಕೊರೆದ ಏಳು ಹಲ್ಲು. ಕುದುರೆ ಕಟ್ಟಿ ಕಣದಲ್ಲಿ ಗೋಧಿ ತೆನೆಯ ಮೇಲೆ ಎಳೆಸುತ್ತಿದ್ದರು. ನಮ್ಮ ಊರಿನವರು ಯಾರಾದರೂ ನೋಡಿದರೆ ಒಂದೇ ಮಾತು ಹೇಳುತ್ತಾರೆ: ಇದು ರೋಣಗಲ್ಲು! ನಮ್ಮದು ನುಣುಪಾದ ಗುಂಡು, ಎತ್ತು ಎಳೆಯುತ್ತದೆ. ಅವರದ್ದು ಹಲ್ಲಿನದು, ಕುದುರೆ ಎಳೆಯುತ್ತದೆ. ರಷ್ಯಾದಲ್ಲಿ ಬಳಸುತ್ತಿದ್ದದ್ದನ್ನೇ ಇಲ್ಲಿನ ಕಲ್ಲಿನಲ್ಲಿ ಕೆತ್ತಿಸಿಕೊಂಡರು. ಆದರೆ ಕಾನ್ಸಾಸ್‌ಗೆ ಒಕ್ಕಣೆ ಯಂತ್ರ ಆಗಲೇ ಬಂದಿತ್ತು. ಕೆಲವೇ ಸುಗ್ಗಿಗಳಲ್ಲಿ ಕಲ್ಲುಗಳು ಮೂಲೆ ಸೇರಿದವು. ಹಾಗಾಗಿ ಅವುಗಳ ಹಲ್ಲು ಅಷ್ಟೇನೂ ಸವೆದಿಲ್ಲ. ಕೈ ಇಟ್ಟು ನೋಡಿ, ಉಳಿ ಬಿದ್ದ ಗುರುತು ಇನ್ನೂ ಸಿಗಬಹುದು.